ಸೂಚನೆಯಂತೆ ವಾದಿಸಿದವರು

ಕರಿ ಗೌನು ಅವರ ಎಡಭುಜದಿಂದ ಸದಾ ಜಾರುತ್ತಿತ್ತು. ಬಲಭುಜವೂ ಇರಬಹುದು, ಈಗ ಖಾತ್ರಿಯಿಲ್ಲ. ಎದ್ದು ನಿಂತು, ಅದನ್ನು ಮೇಲೆಳೆದುಕೊಂಡು, ಗಂಟಲು ಸರಿಮಾಡಿಕೊಂಡ ಮೇಲೆಯೇ ನಮ್ಮ ಸರ್ಕಾರಿ ವಕೀಲರ ಮಾತು ಹೊರಡುತ್ತಿದ್ದುದು. ಅವರ ಕೈಕೆಳಗೆ ನಾನು ವಕೀಲಿ ಕಲಿತೆ.

ರಾಜ್ಯದ ಅಡ್ವೊಕೇಟ್ ಜನರಲ್ ಇರಲಿ, ತಾಲ್ಲೂಕಿನ ಸರ್ಕಾರಿ ವಕೀಲನಿರಲಿ, ನೇಮಿಸುವವರು ಆಳುವವರಾದರೂ ಆತನ ನಿಷ್ಠೆ ಕಾನೂನಿಗೆ ಎಂದು ಮೈಸೂರಿನ ತರಗತಿಯಲ್ಲಿ ಓದಿದ್ದೆ. ಇವರನ್ನು ಕಂಡ ಮೇಲೆ ಆ ಪಾಠದಲ್ಲಿ ನಂಬಿಕೆ ಹುಟ್ಟಿತು. ಆಮೇಲೆ ಹೋಯಿತು.

ಸರ್ಕಾರ ಬದಲಾದಾಗಲೆಲ್ಲ ಅವರು ಗೊರವನಹಳ್ಳಿ ಲಕ್ಷ್ಮಿಯ ಗುಡಿಗೆ ಬಸ್ಸು ಹತ್ತುತ್ತಿದ್ದರು. "ಲಕ್ಷ್ಮಿ ಕಣ್ಣು ಬುಟ್ರೆ ಮಂತ್ರಿನೂ ಬುಡ್ತಾನೆ" ಎಂದು ನಗುತ್ತಿದ್ದರು. ಹುದ್ದೆ ಉಳಿಯುತ್ತಿತ್ತು.

ಅವರದೊಂದು ಪದ್ಧತಿ ಇತ್ತು. ತಮಗೆ ಸರಿಯೆನಿಸಿದ ಕೇಸಿನಲ್ಲಿ "ಸರ್ಕಾರದ ವಾದ ಇದು" ಎನ್ನುತ್ತಿದ್ದರು. ಸರಿಯೆನಿಸದಿದ್ದರೆ "ನನಗೆ ಬಂದಿರುವ ಸೂಚನೆಯಂತೆ" ಎಂದು ಶುರುಮಾಡುತ್ತಿದ್ದರು. ಅಂದರೆ, ಇದು ಅಧಿಕಾರಿಗಳು ಹೇಳಿಸುತ್ತಿರುವ ಮಾತು, ನನ್ನದಲ್ಲ. ಹಳೆಯ ನ್ಯಾಯಾಧೀಶರಿಗೆ ಅದು ತಿಳಿಯುತ್ತಿತ್ತು. ಪೆನ್ನು ಕೆಳಗಿಟ್ಟು ಅಧಿಕಾರಿಗಳನ್ನೇ ಪ್ರಶ್ನಿಸುತ್ತಿದ್ದರು. ಹಾಗೆ ಎಷ್ಟೋ ಬಡವರ ಜಮೀನು ಉಳಿಯಿತು.

ಆಮೇಲೆ ಪಾವಗಡದ ಕಡೆಯ ಹೆಂಗಸೊಬ್ಬಳ ದಾವೆ ಬಂತು. ಅವಳ ಮಾವನಿಗೆ ಮಂಜೂರಾಗಿದ್ದ ನೆಲ. ಮಂಜೂರಾತಿಯ ಕಡತ ಕಚೇರಿಯಲ್ಲೇ ಕಳೆದುಹೋಗಿತ್ತು. ಸುತ್ತ ಸೋಲಾರ್ ಹಲಗೆಗಳು ಬಂದು ನೆಲಕ್ಕೆ ಬೆಲೆ ಏರಿದ ಮೇಲೆ, ಕಡತವಿಲ್ಲವಾದ್ದರಿಂದ ನೆಲ ಸರ್ಕಾರದ್ದೇ ಎಂದು ಅಧಿಕಾರಿಗಳು ವಾದಕ್ಕೆ ನಿಂತರು.

"ಕಡತ ಕಳೆದೋರು ನೀವು. ನೆಲ ಅವಳ್ದು ಅಂತ ಒಪ್ಕೊಂಬುಡಿ" ಎಂದರು ನಮ್ಮವರು.

"ನೀವು ನಮ್ಮ ವಕೀಲ್ರಾ, ಆಯಮ್ಮನ ವಕೀಲ್ರಾ?" ಎಂದ, ಮಾತಾಡಲು ಬಂದಿದ್ದ ಅಧಿಕಾರಿ.

"ಸರ್ಕಾರದ ವಕೀಲ ಕಣ್ರೀ. ನೀವೊಬ್ರೇನಾ ಸರ್ಕಾರ? ಆಯಮ್ಮನೂ ಸರ್ಕಾರವೇ."

"ಅದನ್ನ ಮೇಲಿನೋರಿಗೆ ಹೇಳಿ ನೋಡಿ. ನಿಮ್ಮ ಅವಧಿನೂ ಮುಗೀತಾ ಬಂತು" ಎಂದು ಅವನು ಎದ್ದುಹೋದ.

ಇದು ನನ್ನೆದುರೇ ನಡೆದದ್ದು. ಇಷ್ಟು ಚೊಕ್ಕವಾಗಿ ನಡೆಯಿತೇ ಎಂಬ ಅನುಮಾನ ಮಾತ್ರ ಹೋಗಿಲ್ಲ. ಅವರನ್ನು ದೊಡ್ಡವರನ್ನಾಗಿಸಲು ಒಂದೆರಡು ಮಾತು ನಾನೇ ಸೇರಿಸಿರಬಹುದು.

ಕೋರ್ಟಿನಲ್ಲಿ "ನನಗೆ ಬಂದಿರುವ ಸೂಚನೆಯಂತೆ" ಎಂದೇ ಶುರುಮಾಡಿ ಅಧಿಕಾರಿಗಳ ವಾದ ಒಪ್ಪಿಸಿದರು. ಪೀಠದಲ್ಲಿದ್ದವರು ಹೊಸದಾಗಿ ವರ್ಗವಾಗಿ ಬಂದ ಚಿಕ್ಕ ವಯಸ್ಸಿನ ನ್ಯಾಯಾಧೀಶರು. ತಲೆಯೆತ್ತದೆ ಬರೆದುಕೊಂಡರು. ನಮ್ಮವರು ಅದೇ ಮಾತನ್ನು ಕೊಂಚ ಒತ್ತಿ ಇನ್ನೊಮ್ಮೆ ಹೇಳಿದರು. "ಬರೆದುಕೊಂಡೆ, ಮುಂದುವರಿಸಿ" ಎಂಬ ಉತ್ತರ ಬಂತು. ಕಡತವೂ ಇಲ್ಲ, ಉಳುಮೆಗೆ ಸಾಕ್ಷಿಯೂ ಇಲ್ಲ ಎಂದು ಹೆಂಗಸಿನ ದಾವೆ ವಜಾ ಆಯಿತು.

"ನೇರವಾಗಿ ಹೇಳ್ಬೋದಿತ್ತಲ್ಲ ಸಾರ್?" ಎಂದೆ.

"ಹೇಳ್ದೆನಲ್ಲಯ್ಯ, ಎರಡು ಸಲ."

"ಅವರಿಗೆ ಅರ್ಥ ಆಗ್ಲಿಲ್ಲ."

"ಅದಕ್ಕೆ ನಾನೇನು ಮಾಡ್ಲಿ? ಇಷ್ಟು ವರ್ಷ ಹಿಂಗೇ ನಡ್ಕಂಡು ಬಂದೈತೆ" ಎಂದು ಕಾಫಿಗೆ ಹೊರಟರು. ಅವರ ಅವಧಿ ಮುಂದುವರಿಯಿತು.

ಹೋದ ವರ್ಷ ಹೃದಯಾಘಾತದಿಂದ ತೀರಿಕೊಂಡರು. ಅಂದು ಕಲಾಪ ನಿಲ್ಲಿಸಿ ಕೋರ್ಟು ಹಾಲಿನಲ್ಲೇ ಸಂತಾಪ ಸಭೆ ಇಟ್ಟುಕೊಂಡೆವು. ನಾನು ಒಳಗೆ ಹೋಗುವಾಗ ವರಾಂಡದಲ್ಲಿ ಆ ಹೆಂಗಸು ಸಿಕ್ಕಳು. ಮರುಪರಿಶೀಲನೆಗೆ ಅರ್ಜಿ ಹಾಕಿ, ಅದರ ವಾಯಿದೆಗೆ ಬಂದಿದ್ದಳು.

"ಏಮ್ ಸಾಮಿ, ಕೋರ್ಟು ಲೇದಾ ಇವತ್ತು?" ಎಂದು ತನ್ನ ಸೀಮೆಯ ತೆಲುಗು ಬೆರೆಸಿ ಕೇಳಿದಳು, ಕೋರ್ಟು ಇಲ್ಲವೇ ಎಂದು.

"ಸರ್ಕಾರಿ ವಕೀಲರು ಹೋಗ್ಬಿಟ್ರು ಕಣಮ್ಮ."

ಸೆರಗು ಬಾಯಿಗೆ ಹಿಡಿದು ನಿಜವಾಗಿಯೇ ಮರುಗಿದಳು.

"ಒಳ್ಳೆಯೋರು ಸಾಮಿ. ಕೇಸು ನಡೀವಾಗ ಇಲ್ಲೇ ನಿಲ್ಸಿ, ಭಯಪಡಬ್ಯಾಡ ಕಣಮ್ಮ, ನಿನ್ ನೆಲ ಎಲ್ಲೂ ಹೋಗಲ್ಲ ಅಂದ್ರು. ಪಕ್ಕದ ಹೊಲದ ಮುದುಕ್ರು ಸಾಕ್ಷಿ ಹೇಳಕ್ಕೆ ತಯಾರಾಗೇ ಇದ್ರು. ಅಷ್ಟು ದೊಡ್ಡೋರೇ ಹೇಳ್ದಮ್ಯಾಲೆ ಅವರಿಗ್ಯಾಕೆ ತೊಂದ್ರೆ ಅಂತ ನಾನೇ ಬ್ಯಾಡ ಅಂದ್ಬುಟ್ಟೆ."

ಒಳಗೆ ಎಲ್ಲರೂ ಮೌನಾಚರಣೆಗೆ ಎದ್ದು ನಿಂತ ಸದ್ದು ಕೇಳಿತು. ನನಗೆ ಕಸುಬು ಕಲಿಸಿದವರಿಗೆ ಸಲ್ಲಬೇಕಾದ ಆ ಒಂದೆರಡು ನಿಮಿಷ ಕೊಡಲು ಒಳಗೆ ಹೋಗಲಿಲ್ಲ. ಹೊರಗೇ ಅವಳ ಜೊತೆ ನಿಂತೆ.