ಬಾಗಿಲ ಮುಂದೆ ನಲವತ್ತು ನಿಮಿಷ

ಗೋಂದಣ್ಣ ಹೋಗಿ ಇವತ್ತಿಗೆ ಹನ್ನೆರಡು ದಿನ. ಅವನ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದು ನಮ್ಮ ಪ್ರಾರ್ಥನಾ ಮಂದಿರದ ಹಿರಿಯರು ಕೇಳಿದರು. ಬರೆಯಲು ಕೂತರೆ ಅಳು ಬರಬಹುದು ಅಂದುಕೊಂಡಿದ್ದೆ. ಬರಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ಮಧ್ಯಾಹ್ನ ದವಡೆ ಇರುತ್ತದಲ್ಲ, ಹಾಗಿದೆ. ಮುಟ್ಟಿ ನೋಡಿದರೆ ನನ್ನದು ಅನ್ನಿಸುವುದಿಲ್ಲ.

ಆ ಹೆಸರು ಅವನಿಗೆ ಅಂಟಿದ್ದು ಜೈಲಿನಲ್ಲಿ. ಅಲ್ಲಿನ ಬೈಂಡಿಂಗ್ ಕೋಣೆಯಲ್ಲಿ ಹನ್ನೊಂದು ವರ್ಷ ರಿಜಿಸ್ಟರು ಹೊಲಿದ, ರಟ್ಟು ಅಂಟಿಸಿದ. ಉಗುರಿನ ಸಂದಿಯಲ್ಲಿ ಒಣಗಿದ ಗೋಂದು ಯಾವತ್ತೂ ಇರುತ್ತಿತ್ತು. ಒಳಗೆ ಹೋದದ್ದು ಒಂದು ಜಗಳದಿಂದ. ಪಕ್ಕದ ಮನೆಯವನನ್ನು ತಳ್ಳಿದ, ಅವನ ತಲೆ ಕಲ್ಲಿನ ಮೆಟ್ಟಿಲಿಗೆ ಬಡಿಯಿತು, ಅವನು ಏಳಲಿಲ್ಲ. ಒಂದೇ ಸಲ ತಳ್ಳಿದ್ದು ಎಂದು ನಾವು ಅವನ ಪರವಾಗಿ ಹೇಳುತ್ತಿದ್ದೆವು. ಅವನು ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ.

ನಾವಿಬ್ಬರೂ ಒಂದೇ ಬೀದಿಯಲ್ಲಿ ಬೆಳೆದವರು. ಆ ಹನ್ನೊಂದು ವರ್ಷದಲ್ಲಿ ನಾನು ಅವನನ್ನು ನೋಡಲು ಹೋದದ್ದು ಎರಡು ಸಲ.

ಬಿಡುಗಡೆಯಾದಾಗ ತಂಗಿಯ ಮನೆಯಲ್ಲಿ ಜಾಗವಿರಲಿಲ್ಲ. ಭಾವ ಒಪ್ಪಲಿಲ್ಲ. ತಂಗಿ ಒಂದು ಕಂಬಳಿ, ಅಪ್ಪನ ಹಳೆಯ ಸ್ವೆಟರು ಕಳಿಸಿಕೊಟ್ಟಳು. ನಮ್ಮ ಮಂದಿರದ ಹಿಂದೆ ಎರಡು ಕೋಣೆಗಳಿವೆ, ಜೈಲಿನಿಂದ ಬಂದವರಿಗೆ ಆರು ತಿಂಗಳ ಮಟ್ಟಿಗೆ. ಅಷ್ಟರೊಳಗೆ ಮಂದಿರದವರು ಅವರಿಗೊಂದು ಕೆಲಸ ಹುಡುಕುತ್ತಾರೆ. ಸಿಗಲಿ ಬಿಡಲಿ, ಆರು ತಿಂಗಳಿಗೆ ಕೋಣೆ ಬಿಡಬೇಕು. ಹೊರಗೆ ಮುಂದಿನವನು ಕಾದಿರುತ್ತಾನೆ.

ನಾಲ್ಕು ತಿಂಗಳು ಏನೂ ಆಗಲಿಲ್ಲ. ಹಿರಿಯರು ಕೇಳಿಕೊಂಡು ಹೋದಲ್ಲೆಲ್ಲ ಜೈಲು ಎಂಬ ಮಾತು ಬಂದ ಕೂಡಲೇ ನಾಳೆ ಹೇಳಿ ಕಳಿಸ್ತೀವಿ ಅನ್ನುವರು. ಅವನು ಸುಮ್ಮನೆ ಕೂರಲಾರದೆ ಮಂದಿರದ ಹರಿದ ಪ್ರಾರ್ಥನೆ ಪುಸ್ತಕಗಳನ್ನೆಲ್ಲ ಬಿಚ್ಚಿ, ದಾರಕ್ಕೆ ಮೇಣ ಸವರಿ, ಹೊಸದಾಗಿ ಹೊಲಿದಿಟ್ಟ. ಐದನೇ ತಿಂಗಳಲ್ಲಿ ಹಿರಿಯರು ಅದರಲ್ಲೊಂದನ್ನು ಪೇಟೆಯ ಬೈಂಡಿಂಗ್ ಅಂಗಡಿಯ ಮಾಲಕಿಗೆ ತೋರಿಸಿದರು. ಆಕೆ ಪುಸ್ತಕದ ಬೆನ್ನು ಬಗ್ಗಿಸಿ ನೋಡಿದರು, ಮೂಸಿದರು. ಎಲ್ಲಿ ಕಲಿತದ್ದು ಎಂಬುದನ್ನು ಹಿರಿಯರು ಮುಚ್ಚಿಡಲಿಲ್ಲ.

“ಹೊಲಿಗೆ ನೆಟ್ಟಗಿದೆ,” ಎಂದರಂತೆ ಆಕೆ. “ಟೈಮಿಗೆ ಸರಿಯಾಗಿ ಬರ್ತಾರಾ, ಅದೊಂದು ಹೇಳಿ ಸಾಕು.”

ಆ ವಾರ ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ಅವನಿಗೆ ಮೇಷ್ಟ್ರಾದರು. ನಮ್ಮಲ್ಲೊಬ್ಬ ದರ್ಜಿ ಅಂಗಿ ಹೊಲಿದು ತಂದ. ಒಬ್ಬರು ಬೂಟು ಕೊಟ್ಟರು. ಇಷ್ಟು ವರ್ಷ ಎಲ್ಲಿದ್ದಿರಿ ಎಂದರೆ ಏನು ಹೇಳಬೇಕು, ಕಣ್ಣು ಎಲ್ಲಿಡಬೇಕು, ಎಲ್ಲವನ್ನೂ ನಾನು ಬಾಯಿಪಾಠ ಮಾಡಿಸಿದೆ. ಮದುವೆ ಗಂಡಿಗೂ ಇಷ್ಟು ಜನ ಸಿಂಗಾರ ಮಾಡಲ್ಲ ಅಂದ ಗೋಂದಣ್ಣ.

ಹತ್ತು ಗಂಟೆಗೆ ಬರಲು ಹೇಳಿದ್ದರು. ಹತ್ತಕ್ಕೆ ಹತ್ತು ನಿಮಿಷ ಇರುವಾಗಲೇ ಹೋಗಿ ನಿಂತ. ಅಂಗಡಿಯದು ಮರದ ಚೌಕಟ್ಟಿಗೆ ಗಾಜು ಕೂರಿಸಿದ ಬಾಗಿಲು. ಒಳಗಿನಿಂದ ಮಾಲಕಿಗೆ ಅವನು ಕಾಣುತ್ತಿದ್ದ: ಬಾಗಿಲಿನ ಒಂದು ಪಕ್ಕಕ್ಕೆ, ನೆಟ್ಟಗೆ, ಕೈ ಹಿಂದೆ ಕಟ್ಟಿಕೊಂಡು. ಹತ್ತಾಯಿತು. ಗಿರಾಕಿಗಳು ಇಬ್ಬರು ಅವನ ಪಕ್ಕದಿಂದಲೇ ಒಳಗೆ ಬಂದರು, ಹೋದರು. ಅವನು ಕದಲಲಿಲ್ಲ. ಹತ್ತೂ ನಲವತ್ತಕ್ಕೆ ಆಕೆ ಹಿರಿಯರಿಗೆ ಫೋನು ಮಾಡಿದರು. ನಿಮ್ಮವರು ಬಂದು ಕಂಬದ ಹಾಗೆ ನಿಂತಿದ್ದಾರೆ, ಒಳಗೆ ಬರುತ್ತಿಲ್ಲ, ಇಷ್ಟವಿಲ್ಲದಿದ್ದರೆ ಹೇಳಿಬಿಡಲಿ ಎಂದರು.

ಕೇಳಲು ಹೋದವನು ನಾನೇ. ಅಷ್ಟರಲ್ಲಿ ಅವನು ಕೋಣೆಗೆ ವಾಪಸು ಬಂದು ಮಂಚದ ತುದಿಯಲ್ಲಿ ಕೂತಿದ್ದ, ಬೂಟು ಬಿಚ್ಚಿರಲಿಲ್ಲ. ಯಾಕೆ ಒಳಗೆ ಹೋಗಲಿಲ್ಲ ಎಂದೆ.

“ಯಾರೂ ತೆಗೀಲಿಲ್ಲ.”

“ತಳ್ಳೋದಲ್ವೇನೋ?”

“ಹೊಳೀಲೇ ಇಲ್ಲ ಕಣೋ.”

ಹನ್ನೊಂದು ವರ್ಷ ಅವನು ತನ್ನ ಕೈಯಿಂದ ಒಂದು ಬಾಗಿಲನ್ನೂ ತೆಗೆದಿರಲಿಲ್ಲ. ಪಕ್ಕಕ್ಕೆ ನಿಲ್ಲಬೇಕು, ಆಚೆಯಿಂದ ಯಾರೋ ತೆಗೆಯಬೇಕು. ತಾನಾಗಿ ಬಾಗಿಲಿಗೆ ಕೈ ಹಾಕಿದವನಿಗೆ ಏಟು ಬೀಳುತ್ತಿತ್ತು. ನಮ್ಮ ಮಂದಿರದ ಬಾಗಿಲು ಹಗಲೆಲ್ಲ ತೆರೆದೇ ಇರುತ್ತದೆ, ಅವನ ಕೋಣೆಗೆ ಇದ್ದದ್ದು ಬರೀ ಪರದೆ. ಬಚ್ಚಲಿಗೂ ಬಾಗಿಲು ಹಾಕಿಕೊಳ್ಳುತ್ತಿರಲಿಲ್ಲ. ಅದನ್ನು ನಾವು ತಮಾಷೆ ಮಾಡಿದ್ದೆವು.

ಹಿರಿಯರು ತಾವೇ ಹೋಗಿ ಮಾಲಕಿಗೆ ವಿಷಯ ತಿಳಿಸಿದರು. ಆಕೆ ಒಂದು ವಾರ ಕೊಟ್ಟರು. ದಿನಾ ಒಂಬತ್ತಕ್ಕೆ ಒಳಗಿರಬೇಕು, ಒಂದು ದಿನ ತಪ್ಪಿದರೂ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದರು. ಕೋಣೆ ಬಿಡಲು ಮೂರು ವಾರ ಉಳಿದಿತ್ತು. ಇನ್ನೊಂದು ಕೆಲಸ ಹುಡುಕುವಷ್ಟು ಸಮಯವಿರಲಿಲ್ಲ.

ಹಾಗಾಗಿ ನಾವು ಸರದಿ ಹಾಕಿಕೊಂಡೆವು. ದಿನಕ್ಕೊಬ್ಬರು ಅಂಗಡಿಗೆ ಹೋಗಿ ಬಾಗಿಲು ತಳ್ಳುವುದು, ಅವನು ಒಳಗೆ ಹೋಗುವುದು, ನಾವು ನಮ್ಮ ಕೆಲಸಕ್ಕೆ ಹೋಗುವುದು. ದರ್ಜಿ ಇದಕ್ಕೆ ದ್ವಾರಪಾಲಕರ ಪಾಳಿ ಎಂದು ಹೆಸರಿಟ್ಟ. ಐದು ದಿನ ಸುಸೂತ್ರವಾಗಿ ನಡೆಯಿತು. ಆರನೆಯದು, ಕೊನೆಯದು, ನನ್ನ ಪಾಳಿ.

ನಾನು ಬಸ್ಸಿನಲ್ಲಿ ಪುಸ್ತಕ ಓದುತ್ತ ಸ್ಟಾಪು ತಪ್ಪಿಸಿಕೊಂಡೆ. ವಾಪಸು ನಡೆದು ಬರುವಾಗ ಒಂಬತ್ತೂ ಇಪ್ಪತ್ತು. ಬಾಗಿಲ ಮುಂದೆ ಅವನಿರಲಿಲ್ಲ. ಕೋಣೆಗೆ ಹಿಂದಿರುಗಿರಬೇಕು ಅಂದುಕೊಂಡೆ. ಆಮೇಲೆ ಗಾಜಿನಲ್ಲಿ ಇಣುಕಿದೆ. ಒಳಗೆ ಕೂತು ಹೊಲಿಯುತ್ತಿದ್ದ. ಹೊಸ ಅಂಗಿಯ ಬೆನ್ನು ಪೂರ್ತಿ ಒದ್ದೆ.

ನಡೆದದ್ದನ್ನು ಮಾಲಕಿ ಹೇಳಿದರು. ಒಂಬತ್ತಾಗಲು ಒಂದು ನಿಮಿಷ ಇರುವವರೆಗೆ ರಸ್ತೆ ನೋಡುತ್ತ ನಿಂತಿದ್ದನಂತೆ. ಆಮೇಲೆ ಬಾಗಿಲಿಗೆ ಕೈ ಮುಟ್ಟಿಸದೆ, ಎಡಗಡೆಯ ಭುಜ ಕೊಟ್ಟು, ಮೂಟೆ ಹೊತ್ತವರ ಹಾಗೆ ನೂಕಿಕೊಂಡು ಬಂದನಂತೆ. ಒಳಗಿದ್ದ ಒಬ್ಬೊಬ್ಬರಿಗೂ ತಪ್ಪಾಯ್ತು, ತಪ್ಪಾಯ್ತು ಎಂದು ಹೇಳಿ ಕೂತನಂತೆ.

ಸಂಜೆ ನಾನು ಸ್ಟಾಪು ತಪ್ಪಿದ ಕಥೆ ಹೇಳಿದೆ. ಅವನು ಉಗುರಿನ ಗೋಂದು ಕೆರೆಯುತ್ತ ಕೇಳಿದ. ಮುಖದಲ್ಲಿ ನಗು ಇತ್ತು.

“ಜೈಲಿಗೆ ಬರೋವಾಗ್ಲೂ ಇದೇ ಬಸ್ಸು ಹತ್ತುತ್ತಿದ್ಯೇನೋ?”

ಅವನು ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಒಂಬತ್ತು ವರ್ಷ ಅದೇ ಅಂಗಡಿಯಲ್ಲಿ ದುಡಿದ. ಪೇಟೆಯಲ್ಲೇ ಬಾಡಿಗೆಗೆ ಒಂದು ಕೋಣೆ ಹಿಡಿದ. ಎಲ್ಲ ಬಾಗಿಲನ್ನೂ ಭುಜದಿಂದಲೇ ತೆಗೆಯುತ್ತಿದ್ದ. ಅವನ ಅಂಗಿಗಳೆಲ್ಲ ಎಡಭುಜದ ಮೇಲೆ ಮೊದಲು ಸವೆಯುತ್ತಿದ್ದವು, ದರ್ಜಿ ಬೈದುಕೊಂಡೇ ತೇಪೆ ಹಾಕುತ್ತಿದ್ದ. ಹನ್ನೆರಡು ದಿನದ ಹಿಂದೆ, ಊಟದ ಹೊತ್ತಿನಲ್ಲಿ, ಎದೆ ಹಿಡಿದಂತಾಗಿದೆ ಎಂದು ಕಟಿಂಗ್ ಮಷೀನಿನ ಪಕ್ಕ ಕೂತ. ಅಲ್ಲೇ ಹೋದ. ಅವನ ಕೋಣೆಗೆ ತಂಗಿ ಬಂದಳು. ಭಾವ ಗೇಟಿನ ಹತ್ತಿರ ನಿಂತಿದ್ದರು. ಅವಳು ಆ ಸವೆದ ಅಂಗಿಗಳಲ್ಲಿ ಒಂದನ್ನು ಮಡಿಸಿ ಚೀಲದಲ್ಲಿಟ್ಟುಕೊಂಡಳು, ಯಾಕೆ ಹೀಗೆ ಸವೆದಿದೆ ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮೊನ್ನೆ ಮಾಲಕಿ ಫೋನು ಮಾಡಿ, ಜಾಗ ಖಾಲಿ ಇದೆ, ನಿಮ್ಮಲ್ಲಿಂದಲೇ ಒಬ್ಬರನ್ನು ಕಳಿಸಿ ಎಂದರು. ಮಂದಿರದ ಕೋಣೆಯಲ್ಲಿ ಈಗ ಇರುವವನು ಆರು ವರ್ಷ ಒಳಗಿದ್ದು ಬಂದವನು, ಮಾತು ಸ್ವಲ್ಪ ಜಾಸ್ತಿ. ಇವತ್ತು ಬೆಳಿಗ್ಗೆ ನಾನೇ ಕರೆದುಕೊಂಡು ಹೋದೆ. ಬಸ್ಸಿಗೆ ಪುಸ್ತಕ ಒಯ್ಯಲಿಲ್ಲ. ಒಂಬತ್ತಕ್ಕೆ ಐದು ನಿಮಿಷ ಇರುವಾಗ ಬಾಗಿಲ ಮುಂದೆ ನಿಂತೆವು. ಇದನ್ನು ತಳ್ಳಬೇಕು ಎಂದೆ.

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ಬಾಗಿಲು ತೆಗೆಯೋದಕ್ಕೂ ಬರಲ್ವಾ ಸಾರ್ ನಂಗೆ?”

ಅಂಗೈಯಿಂದ ತಳ್ಳಿಕೊಂಡು ಒಳಗೆ ಹೋದ. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಚೌಕಟ್ಟಿನ ಮೇಲೆ, ಭುಜದ ಎತ್ತರಕ್ಕೆ, ಅಂಗೈಯಗಲ ಬಣ್ಣ ಹೋಗಿ ಮರ ಕಾಣುತ್ತಿತ್ತು. ಮಾಲಕಿ ಒಳಗಿನಿಂದ ಬನ್ನಿ ಎಂದು ಕೈ ಮಾಡಿದರು. ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಬಸ್ಸು ಬಂದ ಮೇಲೆ ಹತ್ತಿದೆ.