ಜೀರ್ಜಿಂಬೆಯ ಫೋಟೊ

ಹಸಿರಾಗಿ ಮಿನುಗುವ ಜೀರ್ಜಿಂಬೆ ಹುಳದ ಬಣ್ಣವನ್ನು ಕಪ್ಪು-ಬಿಳುಪು ರೀಲಿನಲ್ಲಿ ಹಿಡಿಯಲು ಹೊರಟ ಮೇಷ್ಟ್ರು ಶಿಡ್ಲಘಟ್ಟ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಅರವತ್ತರ ದಶಕದ ಮೊದಲ ವರ್ಷಗಳು. ಕ್ಯಾಮೆರಾ ಜೊತೆಯ ಮೇಷ್ಟ್ರೊಬ್ಬರದು, ಎರಡು ದಿನಕ್ಕೆಂದು ಕೇಳಿ ತಂದದ್ದು. ಕೈಜಾರೀತೆಂಬ ಭಯಕ್ಕೆ ಅದನ್ನು ಕೊರಳಿಗೂ ಸೊಂಟಕ್ಕೂ ದಾರದಿಂದ ಬಿಗಿದುಕೊಂಡಿದ್ದೆ.

ಗಂಡ ತೀರಿಕೊಂಡು ದಿಬ್ಬೂರಹಳ್ಳಿಯ ನಮ್ಮ ಮನೆಗೆ ಬಂದಿದ್ದ ಅಕ್ಕ ಆ ಸಲ ಮೊದಲ ಬಾರಿಗೆ ಯಾರ ಹಂಗೂ ಇಲ್ಲದೆ ರೇಷ್ಮೆ ಹುಳು ಸಾಕಿದ್ದಳು. ಹುಳುಗಳು ಕೊನೆಯ ಸಲ ಪೊರೆ ಬಿಟ್ಟಾಗಿತ್ತು. ಇನ್ನೊಂದು ವಾರಕ್ಕೆ ಗೂಡು. "ಈ ಬೆಳೆ ಕೈಗೆ ಬರ್ಲಿ, ಆಮೇಲೆ ಈ ಮನೇಲಿ ನಾನೂ ಒಂದು ಮಾತಾಡ್ತೀನಿ" ಅಂದಿದ್ದಳು. ಹೊಗೆಸೊಪ್ಪಿನ ಪುಡಿ ಸೋಕಿದ ಎಲೆ ತಿಂದರೆ ಆ ಹುಳು ಉಳಿಯುವುದಿಲ್ಲ. ನಶ್ಯದ ಚಟವಿದ್ದ ನಾನು ಹುಳುವಿನ ಕೋಣೆಯ ಬಾಗಿಲಿಗೂ ಸುಳಿಯುತ್ತಿರಲಿಲ್ಲ. ಅಷ್ಟು ಹುಷಾರಿ!

ಜಾಲಿ ಗಿಡದಲ್ಲಿ ಹಿಡಿದ ಜೀರ್ಜಿಂಬೆಯನ್ನು ಅಗಲ ಎಲೆಯ ಮೇಲೆ ಕೂರಿಸಬೇಕೆಂದು ನಮ್ಮ ಹಿಪ್ಪುನೇರಳೆ ತೋಟಕ್ಕೆ ತಂದೆ. ಅದು ಕೂತರೆ ತಾನೆ! ಮೋಡ ಕವಿದೀತು, ರೀಲು ಮುಗಿದೀತು, ಹುಳ ಹಾರೀತು ಎಂದು ಒದ್ದಾಡುತ್ತಿದ್ದಾಗ ಉಪಾಯ ಹೊಳೆಯಿತು. ಅದನ್ನು ನಶ್ಯದ ಡಬ್ಬಿಯಲ್ಲಿ ಹಾಕಿ ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಮತ್ತೇರಿದಂತೆ ಸುಮ್ಮನಾಯಿತು. ಬಾವಿ ಪಕ್ಕದ ಸಾಲಿನಲ್ಲಿ ಒಂದು ಎಲೆಯ ಮೇಲಿಟ್ಟು, ಮೈಗಂಟಿದ ಪುಡಿಯನ್ನು ಉಫ್ ಎಂದು ಊದಿದೆ. ಹುಳ ಬಿದ್ದ ನಶ್ಯ ಇನ್ನು ಮೂಗಿಗೇಕೆಂದು ಉಳಿದದ್ದನ್ನೂ ಅಲ್ಲೇ ಕೊಡವಿ, ಡಬ್ಬಿಯನ್ನು ಬಾವಿಕಟ್ಟೆಯ ಮೇಲಿಟ್ಟು ಫೋಟೊ ತೆಗೆದೆ.

ಮರುದಿನ ಬೆಳಿಗ್ಗೆ ಅಕ್ಕನೂ ಸೊಪ್ಪು ಕೀಳಲು ಬರುತ್ತಿದ್ದ ಹೆಂಗಸೂ ಆ ಸಾಲಿನಿಂದಲೇ ಕಿತ್ತರು. ರಾಶಿಯಲ್ಲಿ ಬೆರೆತ ಎಲೆ ಎಲ್ಲ ತಟ್ಟೆಗೂ ಹೋಯಿತು. ಮಧ್ಯಾಹ್ನಕ್ಕೆ ಹುಳುಗಳು ತಲೆಯೆತ್ತಿ ಹೊರಳಾಡುತ್ತ ಹಸಿರು ಕಾರುತ್ತಿದ್ದವು. ಆ ಹೆಂಗಸಿಗೆ ಕಡ್ಡಿಪುಡಿ ಹಾಕುವ ಅಭ್ಯಾಸವಿತ್ತು.

"ಬಾಯಲ್ಲಿ ಹೊಗೆಸೊಪ್ಪು ಇಟ್ಕೊಂಡೇ ಕಿತ್ತಿದೀಯ ಕಣೇ! ನನ್ನ ಬಾಯಿಗೆ ಮಣ್ಣು ಹಾಕ್ಬಿಟ್ಟೆ!" ಎಂದಳು ಅಕ್ಕ.

"ಅಯ್ಯೋ ಅಕ್ಕಯ್ಯ, ಬಾಯಿ ಮುಕ್ಕಳಿಸ್ಕೊಂಡೇ ತೋಟಕ್ಕೆ ಬರೋದು ನಾನು. ಮೇಷ್ಟ್ರೇ, ನೀವಾದ್ರೂ ಹೇಳಿ!"

ಮೇಷ್ಟ್ರು ಕ್ಯಾಮೆರಾದ ದಾರದ ಗಂಟು ಬಿಚ್ಚುತ್ತಿದ್ದರು. ಅವತ್ತಿನಿಂದ ಆ ಹೆಂಗಸನ್ನು ಕೆಲಸಕ್ಕೆ ಕರೆಯಲಿಲ್ಲ. ಅಕ್ಕ ತಟ್ಟೆಗಳನ್ನೆಲ್ಲ ತಿಪ್ಪೆಗುಂಡಿಗೆ ಸುರಿದು ಬಂದು, ಎರಡು ದಿನ ಉಣ್ಣಲಿಲ್ಲ. ನಾನು ಉಂಡೆ.

ಹದಿನೈದು ದಿನ ಬಿಟ್ಟು ಚಿಂತಾಮಣಿಯ ಸ್ಟುಡಿಯೋದಿಂದ ಫೋಟೊ ತಂದೆ. ತೀರ ಹತ್ತಿರದ್ದು ಆ ಕ್ಯಾಮೆರಾದಲ್ಲಿ ಮೂಡುವುದಿಲ್ಲವೆಂದು ಯಾರೂ ಹೇಳಿರಲಿಲ್ಲ. ಜೀರ್ಜಿಂಬೆ ಇರಬೇಕಾದಲ್ಲಿ ಮಸುಕು ಮಚ್ಚೆ. ಅಕ್ಕ ಅದನ್ನು ಬೆಳಕಿಗೆ ಹಿಡಿದಳು.

"ಹುಳ ಎಲ್ಲಪ್ಪ?"

"ಇಲ್ಲೇ... ಎಲೆ ಮೇಲೆ."

"ಅದೇನೂ ಕಾಣಲ್ಲ. ಹಿಂದೆ ಕಟ್ಟೆ ಮೇಲೆ ನಿನ್ನ ಡಬ್ಬಿ ಎಷ್ಟು ಚೆನ್ನಾಗಿ ಬಿದ್ದಿದೆ ನೋಡು. ಮುಚ್ಚಳ ಬೇರೆ ತೆಗ್ದಿದೆ."

ಅಷ್ಟೇ ಅಂದದ್ದು. ಸಂಜೆ ಆ ಹೆಂಗಸಿನ ಮನೆಗೆ ಒಬ್ಬಳೇ ಹೋಗಿಬಂದಳು. ಏನು ಹೇಳಿದಳೋ, ನಾನು ಕೇಳಲಿಲ್ಲ. ಆ ಹೆಂಗಸು ಈಗಲೂ ಎದುರು ಸಿಕ್ಕರೆ "ಚೆನ್ನಾಗಿದೀರಾ ಮೇಷ್ಟ್ರೇ?" ಎನ್ನುತ್ತಾಳೆ. ಗೊತ್ತಿದ್ದು ಕೇಳುತ್ತಾಳೋ, ಗೊತ್ತಿಲ್ಲದೆಯೋ. ಅವಳು ದಾಟಿ ಹೋಗುವಷ್ಟರಲ್ಲಿ ನನ್ನ ಕೈ ಜೇಬಿನ ಡಬ್ಬಿ ಹುಡುಕುತ್ತಿರುತ್ತದೆ.