ಫೇಲಾದವರ ಕ್ಲಾಸಿಗೆ ಪ್ರವೇಶ ಪರೀಕ್ಷೆ

ನನಗೆ ಸಿಟ್ಟು ಬಂದಾಗ ಜನ ನಗುತ್ತಾರೆ. ಇದು ನನ್ನ ಮುಖದ ದೋಷವೋ ನಾಲಿಗೆಯ ದೋಷವೋ ಗೊತ್ತಿಲ್ಲ. ಮನೆಯವಳ ಪ್ರಕಾರ ಎರಡರದೂ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಇದು ಸಿಟ್ಟಿನಿಂದ ಬರೆದದ್ದು. ಓದುವಾಗ ಎಲ್ಲಾದರೂ ನಗು ಬಂದರೆ ಅದರ ಜವಾಬ್ದಾರಿ ತಮ್ಮದು.

ಎಂಬತ್ತರ ದಶಕದ ಮೊದಲ ವರ್ಷಗಳು. ನನ್ನ ಮನೆ ಹರಿಹರದಲ್ಲಿ, ನೌಕರಿ ದಾವಣಗೆರೆಯ ಒಂದು ಹೈಸ್ಕೂಲಿನಲ್ಲಿ, ವಿಷಯ ಗಣಿತ. ಬೆಳಿಗ್ಗೆ ಒಂದು ರೈಲು, ಸಂಜೆ ಒಂದು ರೈಲು. ನಮ್ಮ ಶಾಲೆಗೊಂದು ಕೀರ್ತಿಯಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಅಲ್ಲಿ ಯಾರೂ ಫೇಲಾಗುತ್ತಿರಲಿಲ್ಲ. ಗುಟ್ಟು ಬಹಳ ಸರಳ. ಫೇಲಾಗಬಹುದಾದವರನ್ನು ಹೆಡ್ಮಾಸ್ತರರು ಮೊದಲೇ ತಮ್ಮ ಕೋಣೆಗೆ ತಂದೆಯ ಸಮೇತ ಕರೆಸಿ, ಎದುರಿಗೆ ಕೂಡಿಸಿಕೊಂಡು, ಚಹಾ ಕೊಡದೆ ಟಿ.ಸಿ. ಕೊಡುತ್ತಿದ್ದರು. ಆ ಹುಡುಗ ಶಾಲೆಯ ಹೆಸರಿಲ್ಲದೆ ಖಾಸಗಿಯಾಗಿ ಪರೀಕ್ಷೆಗೆ ಕಟ್ಟಿ, ಖಾಸಗಿಯಾಗಿ ಫೇಲಾಗಿ, ಖಾಸಗಿಯಾಗಿಯೇ ಹತ್ತಿ ಮಿಲ್ಲಿಗೋ ಮಂಡಕ್ಕಿ ಭಟ್ಟಿಗೋ ಸೇರುತ್ತಿದ್ದ. ಶಾಲೆಯ ಗೋಡೆ ಮಾತ್ರ ಶುಭ್ರವಾಗಿ ಉಳಿಯುತ್ತಿತ್ತು.

ಈ ಶುಭ್ರತೆ ತಡೆಯಲಾರದೆ ನಾನೂ ನನ್ನ ಗೆಳೆಯನೂ ಒಂದು ಸಂಜೆ ಕ್ಲಾಸು ಶುರು ಮಾಡಿದೆವು. ಗೆಳೆಯ ಉರ್ದು ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ. ಇಂಗ್ಲಿಷನ್ನು ಉರ್ದುವಿನಲ್ಲಿ ವಿವರಿಸಿ, ತಿಳಿಯದಿದ್ದರೆ ಕನ್ನಡದಲ್ಲಿ ಬೈಯುವುದು ಅವನ ಬೋಧನಾ ಕ್ರಮ. ಅವನ ಸೋದರಮಾವನ ಮಂಡಕ್ಕಿ ಭಟ್ಟಿಯ ಪಕ್ಕದಲ್ಲಿ ಭತ್ತದ ಚೀಲ ಇಡುವ ತಗಡಿನ ಶೆಡ್ಡು ನಮಗೆ ಸಿಕ್ಕಿತು. ಭಟ್ಟಿಯ ಒಲೆ ಮಧ್ಯಾಹ್ನಕ್ಕೆ ಆರುತ್ತಿತ್ತು, ಆದರೆ ಗೋಡೆ ಸಂಜೆಯವರೆಗೂ ಬಿಸಿ. ಡಿಸೆಂಬರಿನಲ್ಲಿ ಅದು ಸ್ವರ್ಗ. ಏಪ್ರಿಲ್‌ನಲ್ಲಿ ನಾವೇ ಹುರಿದು ಅರಳುತ್ತಿದ್ದೆವು.

ಪ್ರವೇಶಕ್ಕೆ ಒಂದೇ ಅರ್ಹತೆ, ಫೇಲಾಗಿರಬೇಕು. ಈ ವಿಷಯದಲ್ಲಿ ನಾವು ಬಹಳ ಕಟ್ಟುನಿಟ್ಟು. ಒಬ್ಬ ವಕೀಲರು ತಮ್ಮ ಜಾಣ ಮಗನನ್ನು ಕರೆತಂದು, ಇನ್ನಷ್ಟು ಅಂಕ ಬರಬೇಕು, ಸ್ವಲ್ಪ ನೋಡಿಕೊಳ್ಳಿ ಎಂದರು. ಮೊದಲು ಫೇಲಾಗಿ ಬರಲಿ, ಆಮೇಲೆ ವಿಚಾರ ಮಾಡೋಣ ಎಂದು ಗೆಳೆಯ ಗಂಭೀರವಾಗಿ ಹೇಳಿ ಕಳಿಸಿದ. ಪಾಸಾದವರು ಒಂದು ವರ್ಷ ಬಂದು ಹೊಸಬರಿಗೆ ಪಾಠ ಹೇಳಬೇಕೆಂಬುದು ಇನ್ನೊಂದು ನಿಯಮ. ಕೆಲವರು ಬಂದರು. ಕೆಲವರು ಪೇಟೆಯಲ್ಲಿ ನಮ್ಮನ್ನು ಕಂಡ ಕೂಡಲೆ ಪಕ್ಕದ ಅಂಗಡಿಗೆ ನುಗ್ಗಿ, ಬೇಡವಾದ ಸಾಮಾನಿನ ರೇಟು ಕೇಳುತ್ತಿದ್ದರು. ಬಂದವರಿಂದ ಕ್ಲಾಸು ನಡೆಯಿತು. ಅಷ್ಟು ಸಾಕಾಗಿತ್ತು.

ಕಲಿಯಲು ಬಂದವರಲ್ಲಿ ಒಬ್ಬ ಬದ್ಲಿ. ಅದು ಹೆಸರಲ್ಲ, ಹುದ್ದೆ. ಮಿಲ್ಲಿನಲ್ಲಿ ಕಾಯಂ ಆಗದವರು ದಿನಾ ಬೆಳಿಗ್ಗೆ ಗೇಟಿನ ಮುಂದೆ ನಿಲ್ಲುತ್ತಾರೆ. ಒಳಗೆ ಯಾರಾದರೂ ಗೈರುಹಾಜರಾದರೆ ಅವರ ಬದಲಿಗೆ ಅಂದಿನ ಮಟ್ಟಿಗೆ ಕೆಲಸ. ಯಾರಿಗೂ ಜ್ವರ ಬರದಿದ್ದರೆ ವಾಪಸು ಮನೆಗೆ. ಅವನ ತಂದೆ ತಾಮ್ರದ ಪಾತ್ರೆಗೆ ಕಲಾಯಿ ಹಾಕುವವರು. ಸ್ಟೀಲು ಪಾತ್ರೆ ಬಂದು ಅವರೂ ಒಂದು ರೀತಿ ಬದ್ಲಿಯೇ ಆಗಿದ್ದರು. ಹುಡುಗನೆನ್ನುವ ವಯಸ್ಸು ಅವನಿಗೆ ದಾಟಿತ್ತು, ಮೀಸೆ ದಪ್ಪವಾಗಿತ್ತು, ಹುಬ್ಬಿನಲ್ಲಿ ಯಾವಾಗಲೂ ಹತ್ತಿಯ ಎಳೆ. ಕೂಲಿ ಸಿಕ್ಕ ದಿನ ಬಂದು ನಿದ್ದೆ ಮಾಡುತ್ತಿದ್ದ. ಸಿಗದ ದಿನ ಬೇಗ ಬಂದು ಕಲಿಯುತ್ತಿದ್ದ. ಹೀಗಾಗಿ ಅವನ ಬೀಜಗಣಿತವೂ ಅವನ ಸಂಪಾದನೆಯೂ ಒಂದಕ್ಕೊಂದು ವಿಲೋಮ ಪ್ರಮಾಣದಲ್ಲಿದ್ದವು.

ಉಳಿದ ವಿಷಯಗಳೆಲ್ಲ ಪಾಸಾಗಿದ್ದವು. ಗಣಿತ ಒಂದೇ ಬಾಕಿ. ಹರಿಹರದ ಒಂದು ಕಾರ್ಖಾನೆಯವರು ಪ್ರತಿ ಜೂನ್‌ನಲ್ಲಿ ತರಬೇತಿಗೆ ಜನ ತೆಗೆದುಕೊಳ್ಳುತ್ತಿದ್ದರು. ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ವಯಸ್ಸು ಮೀರಿರಬಾರದು. ಮುಂದಿನ ವರ್ಷದ ಜೂನ್ ಅವನ ಪಾಲಿಗೆ ಕೊನೆಯದು. ತರಬೇತಿ ಮುಗಿದರೆ ಕಾಯಂ ನೌಕರಿ. ಇನ್ನೊಬ್ಬನ ಜ್ವರಕ್ಕೆ ಕಾಯುವ ಕಷ್ಟ ತಪ್ಪುತ್ತಿತ್ತು.

ಇಂಥ ಹೊತ್ತಿನಲ್ಲಿ ನಮಗೆ ಒಳ್ಳೆಯದಾಗತೊಡಗಿತು. ಊರಿನ ಒಂದು ಸಂಘದವರು ನಮ್ಮ ಸೇವೆಯ ಸುದ್ದಿ ಕೇಳಿ ಶೆಡ್ಡಿಗೆ ದಯಮಾಡಿಸಿದರು. ಅಧ್ಯಕ್ಷರು ದಲಾಲಿ ಅಂಗಡಿಯ ಮಾಲೀಕರು, ದೊಡ್ಡ ದನಿಯಲ್ಲಿ ಮಾತಾಡದ ಸಜ್ಜನರು. ಅವರ ಹಿಂದೆ ಕಾರ್ಯದರ್ಶಿ. ನಮ್ಮ ಸಂಘದ ಹಾಲಿನಲ್ಲಿ ಕ್ಲಾಸು ನಡೆಸಿ, ಬೆಂಚು, ಟ್ಯೂಬ್‌ಲೈಟು, ಫ್ಯಾನು ಎಲ್ಲ ನಾವು ಕೊಡುತ್ತೇವೆ ಎಂದರು. ಗೆಳೆಯನಿಗೆ ಅನುಮಾನವಿತ್ತು. ಆದರೆ ಅದು ಏಪ್ರಿಲ್, ಫ್ಯಾನು ಎಂಬ ಶಬ್ದವೇ ತಣ್ಣಗಿತ್ತು. ನಾವು ಹೋದೆವು. ನಾವು ಬಿಟ್ಟ ಶೆಡ್ಡನ್ನು ಸೋದರಮಾವ ಜೂನ್‌ನಿಂದ ಹೊಟ್ಟು ತುಂಬಲು ಬೇರೆ ಭಟ್ಟಿಯವರಿಗೆ ಬಾಡಿಗೆಗೆ ಕೊಟ್ಟರು.

ಹಾಲಿನಲ್ಲಿ ಮೊದಲು ಉದ್ಘಾಟನೆಯಾಯಿತು. ಆಮೇಲೆ ಫಲಕದ ಅನಾವರಣ. ಆಮೇಲೆ ಆ ಅನಾವರಣಕ್ಕೆ ಬರಲಾಗದ ಗಣ್ಯರಿಗಾಗಿ ಮತ್ತೊಂದು ಸಣ್ಣ ಸಮಾರಂಭ. ನಡುವೆ ಬಿಡುವು ಸಿಕ್ಕಾಗ ನಾವು ಪಾಠವನ್ನೂ ಮಾಡಿದೆವು.

ಜೂನ್ ತಿಂಗಳಲ್ಲಿ ಕಮಿಟಿ ಸಭೆ ಸೇರಿತು. ಅಧ್ಯಕ್ಷರು ನಮ್ಮ ಹಿಂದಿನ ಸಾಲಿನ ಫಲಿತಾಂಶ ಎಷ್ಟು ಪರ್ಸೆಂಟೆಂದು ಕೇಳಿದರು. ಬಂದವರೆಲ್ಲ ಫೇಲಾಗಿಯೇ ಬಂದವರು, ಅವರಲ್ಲಿ ಅರ್ಧದಷ್ಟು ಈಗ ಪಾಸು ಎಂದೆ. ನನಗೆ ಅದು ಹೆಮ್ಮೆಯ ಮಾತು.

"ಅರ್ಧ ಪಾಸು ಅಂದ್ರೆ ಅರ್ಧ ಫೇಲು ಅಂತ ಆತಲ್ರಿ ಮೇಷ್ಟ್ರೇ," ಎಂದರು ಅಧ್ಯಕ್ಷರು. "ಇದನ್ನ ಬೋರ್ಡ್ ಮ್ಯಾಲೆ ಹೆಂಗೆ ಬರಸಾದು?"

ಕಾರ್ಯದರ್ಶಿಯವರ ಹತ್ತಿರ ಉಪಾಯ ತಯಾರಿತ್ತು. ಈ ಸಾಲಿನಿಂದ ಒಂದು ಪ್ರವೇಶ ಪರೀಕ್ಷೆ ಇಡುವುದು, ಅದರಲ್ಲಿ ಪಾಸಾದವರನ್ನು ಮಾತ್ರ ಸೇರಿಸಿಕೊಳ್ಳುವುದು. ಒಳ್ಳೆ ಭತ್ತ ಹಾಕಿದರೆ ಒಳ್ಳೆ ಮಂಡಕ್ಕಿ ಬರುತ್ತದಲ್ಲವೇ ಎಂದು ನಮ್ಮ ಹಳೇ ಜಾಗಕ್ಕೆ ಗೌರವ ಸೂಚಿಸುವಂತೆ ಹೇಳಿದರು.

"ಜೊಳ್ಳಂತ ತೂರಿಬಿಟ್ಟಿದ್ದನ್ನ ಆರಿಸಿ ತರಾಕೇ ಅಲ್ಲೇನ್ರಿ ನಾವು ಶುರು ಮಾಡಿದ್ದು?" ಎಂದ ಗೆಳೆಯ.

ನಾನು ಎದ್ದು ನಿಂತು, ಇದು ಆಸ್ಪತ್ರೆಯ ಬಾಗಿಲಲ್ಲಿ ಕುಸ್ತಿ ಇಟ್ಟು ಗೆದ್ದವರಿಗೆ ಹಾಸಿಗೆ ಕೊಟ್ಟ ಹಾಗೆ ಎಂದೆ. ಸಭೆ ಗೊಳ್ಳೆಂದು ನಕ್ಕಿತು. ಅಧ್ಯಕ್ಷರು ಕಣ್ಣೊರೆಸಿಕೊಂಡರು. ಠರಾವು ಪಾಸಾಯಿತು. ಆ ಸಂಜೆ ಸಲೀಸಾಗಿ ಪಾಸಾದದ್ದು ಅದೊಂದೇ.

ಪರೀಕ್ಷೆಯ ದಿನ ಹಾಲಿನ ಮುಂದೆ ಸ್ಕೂಟರುಗಳು ಸಾಲಾಗಿ ನಿಂತಿದ್ದವು. ಒಳ್ಳೊಳ್ಳೆಯ ಮನೆಗಳ ಮಕ್ಕಳು, ಯಾವತ್ತೂ ಫೇಲಾಗದವರು, ಫ್ಯಾನಿನ ಕೆಳಗೆ ಉಚಿತ ಪಾಠ ಸಿಗುತ್ತದೆಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ಟಿ.ಸಿ. ಪಡೆದು ಬಂದಿದ್ದ ನಮ್ಮ ಹುಡುಗರು ಹಿಂದಿನ ಬೆಂಚಿನಲ್ಲಿ ಕೂತು ಬರೆದರು. ಸಂಜೆ ಕಾರ್ಯದರ್ಶಿಯವರು ಗೆದ್ದವರ ಹೆಸರುಗಳನ್ನು ಓದಿದರು. ನಮ್ಮವರಲ್ಲಿ ಬೆರಳೆಣಿಕೆಯಷ್ಟು ಜನ ಉಳಿದರು. ಬದ್ಲಿ ಉಳಿಯಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಸಿಕ್ಕ.

"ಎಸ್ಸೆಸ್ಸೆಲ್ಸಿ ಫೇಲಾಗಿದ್ದು ಮನ್ಯಾಗ ಹೆಂಗೋ ಹೇಳಿದ್ದೆ ಸರ," ಎಂದ. "ಫೇಲಾದೋರ ಕ್ಲಾಸ್ನಾಗೂ ಫೇಲಾದೆ ಅಂತ ಹೆಂಗೆ ಹೇಳ್ಲಿ?"

ಹೇಳಿ ತಾನೇ ನಕ್ಕ. ನನಗೆ ನಗು ಬರಲಿಲ್ಲ.

ಆ ಠರಾವನ್ನು ತೆಗೆಸಲು ನಾವು ಮಾಡಿದ ಯುದ್ಧದ ಇತಿಹಾಸ ಇಲ್ಲಿ ಬೇಡ. ಪುನರ್ವಿಮರ್ಶೆಗೆ ಸಭೆ ಕರೆಯುವುದೆಂದಾಯಿತು. ಒಮ್ಮೆ ಗಣೇಶ ಬಂದ, ಸಭೆ ಮುಂದಕ್ಕೆ ಹೋಯಿತು. ಒಮ್ಮೆ ರಾಜ್ಯೋತ್ಸವ. ಒಮ್ಮೆ ಅಧ್ಯಕ್ಷರ ಷಷ್ಟ್ಯಬ್ದಿ. ಯಾರೂ ಆಗುವುದಿಲ್ಲ ಎಂದು ಹೇಳಲಿಲ್ಲ, ಅದೇ ಕಷ್ಟವಾದದ್ದು. ಇಲ್ಲ ಎಂದವನ ಜೊತೆ ಜಗಳವಾಡಬಹುದು. ನೋಡೋಣ ಕೂತ್ಕೊಳ್ರಿ ಎಂದು ಕಾಫಿ ತರಿಸುವವನ ಜೊತೆ ಏನು ಮಾಡುವುದು?

ಹೊಟ್ಟಿನ ಬಾಡಿಗೆಯ ಕರಾರು ವರ್ಷದ್ದಾಗಿತ್ತು, ಶೆಡ್ಡಿಗೆ ಮರಳುವಂತಿರಲಿಲ್ಲ. ಉಳಿದ ಬೆರಳೆಣಿಕೆಯವರಿಗಾಗಿ ನಾವು ಹಾಲಿನಲ್ಲೇ ಪಾಠ ಮುಂದುವರಿಸಿದೆವು, ಹೊರಬಿದ್ದವರು ಚದುರಿಹೋದರು. ಬದ್ಲಿ ಮಾತ್ರ ಬಿಡಲಿಲ್ಲ. ನಾನು ಹರಿಹರದ ರೈಲಿಗೆ ಕಾಯುವ ಹೊತ್ತಿಗೆ ಸ್ಟೇಶನ್ನಿಗೆ ಬರುತ್ತಿದ್ದ. ಪ್ಲಾಟ್‌ಫಾರಮ್ಮಿನ ಕಲ್ಲುಬೆಂಚು ನಮ್ಮ ಶಾಲೆ. ಗಾಡಿ ತಡವಾದಷ್ಟೂ ಗಣಿತ ಮುಂದುವರಿಯುತ್ತಿತ್ತು. ರೈಲ್ವೆಯವರ ಅವ್ಯವಸ್ಥೆಯನ್ನು ಮನಸಾರೆ ಪ್ರಾರ್ಥಿಸಿದ ಪ್ರಯಾಣಿಕ ಆ ಲೈನಿನಲ್ಲಿ ನಾನೊಬ್ಬನೇ ಇರಬೇಕು. ಆದರೆ ನಮ್ಮ ಗ್ರಹಚಾರಕ್ಕೆ ಆ ಚಳಿಗಾಲದಲ್ಲಿ ಗಾಡಿಗಳು ಸರಿಯಾದ ವೇಳೆಗೆ ಬರತೊಡಗಿದವು. ಎರಡನೇ ಅಪವರ್ತನಕ್ಕೆ ಬರುವಷ್ಟರಲ್ಲಿ ಸೀಟಿ.

ಮಾರ್ಚ್ ಪರೀಕ್ಷೆಯಲ್ಲಿ ಅವನು ಮತ್ತೆ ಗಣಿತದಲ್ಲಿ ಹೋದ, ಸ್ವಲ್ಪದರಲ್ಲಿ. ಸಂಘದ ಕ್ಲಾಸಿನ ಫಲಿತಾಂಶ ನೂರಕ್ಕೆ ನೂರು. ಮನೆಯಲ್ಲೇ ಮಲಗಿದ್ದರೂ ಪಾಸಾಗುತ್ತಿದ್ದ ಮಕ್ಕಳು, ಬೆಂಚಿನ ಮೇಲೆ ಕೂತು ಪಾಸಾದರು.

ಅದಕ್ಕೊಂದು ಸನ್ಮಾನ ಸಮಾರಂಭ. ಜೂನ್ ತಿಂಗಳಲ್ಲಿ, ಹರಿಹರದ ಕಾರ್ಖಾನೆಯವರು ಅರ್ಜಿ ತೆಗೆದುಕೊಳ್ಳುತ್ತಿದ್ದ ವಾರದಲ್ಲೇ. ನನ್ನನ್ನೂ ಗೆಳೆಯನನ್ನೂ ವೇದಿಕೆಯಲ್ಲಿ ಕೂಡಿಸಿ ಶಾಲು ಹೊದಿಸಿದರು. ಮೈಕಿನ ಮುಂದೆ ಎರಡು ಮಾತು ಆಡಿ ಎಂದರು. ಆಡಿದೆ. ಈ ಕ್ಲಾಸು ಯಾರಿಗಾಗಿ ಹುಟ್ಟಿತೋ ಅವರಲ್ಲಿ ಹೆಚ್ಚಿನವರು ಇವತ್ತು ಈ ಹಾಲಿನಲ್ಲಿಲ್ಲ, ಅವರನ್ನು ನೀವು ಬಾಗಿಲಲ್ಲೇ ಆರಿಸಿ ಎಸೆದಿರಿ. ಈ ನೂರಕ್ಕೆ ನೂರು ನಮ್ಮದಲ್ಲ, ಈ ಮಕ್ಕಳ ತಂದೆತಾಯಿಯರದು. ಹುಷಾರಿದ್ದವರಿಗೆ ಔಷಧಿ ಕುಡಿಸಿ ವಾಸಿಮಾಡಿದೆವೆಂದು ಹಾರ ಹಾಕಿಸಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ ಎಂದೆ.

ಅಧ್ಯಕ್ಷರು ಮುಗುಳ್ನಗುತ್ತ ಎದ್ದು ಮೈಕು ತೆಗೆದುಕೊಂಡರು. "ನಮ್ಮ ಮೇಷ್ಟ್ರು ಭಾರೀ ತಮಾಷೆ ಮನುಷ್ಯರು. ಇವ್ರ ಪಾಠದಾಗೂ ಹಿಂಗೇ ನಗಸ್ತಿರ್ತಾರೆ, ಅದಕ್ಕೇ ನೋಡ್ರಿ ಈ ರಿಸಲ್ಟು," ಎಂದರು. ಹಾಲು ತುಂಬ ಚಪ್ಪಾಳೆ. ಮುಂದಿನ ಸಾಲಿನ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನನ್ನ ಬಾಳಿನಲ್ಲಿ ಅಷ್ಟು ಸಿಟ್ಟು ನನಗೆ ಬಂದಿರಲಿಲ್ಲ. ಅಷ್ಟು ಚಪ್ಪಾಳೆಯೂ ಸಿಕ್ಕಿರಲಿಲ್ಲ.

ಶಾಲನ್ನು ಕುರ್ಚಿಯ ಮೇಲೆ ಬಿಟ್ಟು ಇಳಿದೆ. ಗೆಳೆಯ ಹಿಂದೆಯೇ ಬಂದ. ಅದೇ ವಾರ ಹೊಟ್ಟಿನ ಕರಾರು ಮುಗಿದು ಶೆಡ್ಡು ಖಾಲಿಯಾಯಿತು. ನಾವೇ ಗುಡಿಸಿದೆವು. ಬದ್ಲಿ ಮನೆಮನೆಗೆ ಹೋಗಿ, ಪ್ರವೇಶ ಪರೀಕ್ಷೆಯಲ್ಲಿ ಬಿದ್ದವರನ್ನೆಲ್ಲ ಹುಡುಕಿ ಕರೆತಂದ. ಕೂಲಿ ಸಿಕ್ಕ ದಿನವೂ ನಿದ್ದೆ ಮಾಡದೆ ಕೂತ. ಅಕ್ಟೋಬರ್ ಪರೀಕ್ಷೆಗೆ ಕಟ್ಟಿದ. ಗಣಿತ ಪಾಸಾಯಿತು, ಕೇಳುವವರಿಗೆ ಕೇಳಿಸುವ ಹಾಗೆ ಹೇಳಿಕೊಳ್ಳಬಹುದಾದ ಅಂಕಗಳಲ್ಲಿ. ಆದರೆ ಹರಿಹರದ ಅರ್ಜಿ ಜೂನ್‌ಗೇ ಮುಗಿದಿತ್ತು, ಮುಂದಿನ ಜೂನ್‌ಗೆ ಅವನ ವಯಸ್ಸು ಮೀರುತ್ತಿತ್ತು. ನಾನೇ ಕಾರ್ಖಾನೆಯ ಆಫೀಸಿಗೆ ಹೋಗಿ ಕೇಳಿದೆ. ಅಲ್ಲಿನವರು ಸೌಜನ್ಯದಿಂದ ನಿಯಮ ಓದಿ ತೋರಿಸಿದರು. ನಿಯಮದಲ್ಲಿ ತಪ್ಪೇನೂ ಇರಲಿಲ್ಲ.

ಆ ಸಲ ಶೆಡ್ಡಿನಿಂದ ಸಾಕಷ್ಟು ಜನ ಪಾಸಾಗಿದ್ದರು. ಸುದ್ದಿ ಕೇಳಿ ಅಧ್ಯಕ್ಷರು ಒಂದು ಸಂಜೆ ಬಂದರು. ಮನಸ್ತಾಪ ಯಾಕೆ, ಇವರೂ ನಮ್ಮ ಹಳೇ ವಿದ್ಯಾರ್ಥಿಗಳೇ ಅಲ್ಲವೇ, ಎಲ್ಲ ಒಂದೇ ಬೋರ್ಡಿನ ಕೆಳಗೆ ಬರಲಿ ಎಂಬುದು ಅವರ ಸಲಹೆ. ನಾನು ಬಾಯಿ ತೆರೆಯಲಿಲ್ಲ, ತೆರೆದಿದ್ದರೆ ಅವರು ನಗುತ್ತಿದ್ದರು. ಬದ್ಲಿ ಒಂದು ಭತ್ತದ ಚೀಲ ಕೊಡವಿ, "ಕೂಡ್ರಿ ಸಾಹುಕಾರ್ರೆ," ಎಂದ. ಅವರು ಕೂತರು.

"ಸೇರ್ಕಳಾಣ್ರಿ, ನಮ್ದೇನೂ ಅಡ್ಡಿಲ್ಲ," ಎಂದ ಅವನು ಬಹಳ ಮರ್ಯಾದೆಯಿಂದ. "ನೀವು ಒಂದು ಪ್ರವೇಶ ಪರೀಕ್ಷೆ ಬರೀರಿ. ಫೇಲಾದ್ರೆ ತಗಂತೀವಿ."

ಶೆಡ್ಡಿನಲ್ಲಿ ಯಾರೂ ನಗಲಿಲ್ಲ. ಅವನಿಗೆ ಆ ಅದೃಷ್ಟವಿತ್ತು. ಅಧ್ಯಕ್ಷರು ಸ್ವಲ್ಪ ಹೊತ್ತು ಪಂಚೆಯ ಮೇಲಿನ ಹೊಟ್ಟು ಕೊಡವಿಕೊಂಡು, ಕೆಲಸವಿದೆ ಎಂದು ಎದ್ದರು. ಸ್ಕೂಟರಿನ ಸದ್ದು ದೂರವಾಯಿತು. ಗೆಳೆಯ ಒಳಗೆ ಕ್ರಿಯಾಪದಗಳನ್ನು ಹೇಳಿಸತೊಡಗಿದ. ಬದ್ಲಿ ನನ್ನ ಹತ್ತಿರ ಬಂದು ನಿಂತ.

"ಸರ, ಒಂದು ಕೇಳ್ತೀನಿ, ಸಮಾಧಾನಕ್ಕೆ ಅಂತ ಹೇಳಬ್ಯಾಡ್ರಿ. ಆ ವರ್ಷ ನನ್ನ ಕ್ಲಾಸ್ನಾಗ ಇಟ್ಕಂಡಿದ್ರೆ, ಮಾರ್ಚ್‌ನಾಗೇ ಪಾಸಾಗ್ತಿದ್ದೆ ಏನ್ರಿ?"

"ಆಗ್ತಿದ್ದೆ."

"ಹರಿಹರದಾಗ ಇರ್ತಿದ್ದೆ."

"ಇರ್ತಿದ್ದೆ."

ಅವನು ತಲೆ ತಗ್ಗಿಸಿ, ಒಂದೊಂದೇ ಮೆಟ್ಟಿಲು ಸರಿಯಿದೆಯೇ ಎಂದು ಲೆಕ್ಕ ತಿರುಗಿ ನೋಡುವವನಂತೆ ಬೆರಳು ಮಡಿಸಿದ. ಇಷ್ಟು ದಿನಗಳಲ್ಲಿ ಅವನು ಯಾರನ್ನೂ ಬೈದದ್ದನ್ನು ನಾನು ಕೇಳಿರಲಿಲ್ಲ. ತನ್ನ ತಲೆಯೇ ಮಂದ, ಅವರದೇನು ತಪ್ಪು ಎಂದೇ ಅವನು ತಿಳಿದುಕೊಂಡಿದ್ದನೆಂಬುದು ನನಗೆ ಆಗಲೇ ಹೊಳೆದದ್ದು.

"ಹಂಗಾರೆ ನಾನು ಅವ್ರ ಮ್ಯಾಲೆ ಸಿಟ್ಟು ಮಾಡ್ಕಳಾದ್ರಾಗ ನ್ಯಾಯ ಐತೆ," ಎಂದ.

"ಐತೆ," ಎಂದೆ.

ಇಬ್ಬರೂ ಒಳಗೆ ಹೋದೆವು. ಅವನು ಮರುದಿನ ಬೆಳಿಗ್ಗೆ ಎಂದಿನಂತೆ ಮಿಲ್ಲಿನ ಗೇಟಿಗೆ ಹೋಗಬೇಕಿತ್ತು.